ಐದು ಮನೆಗೆ ಒಂದೇ ತೋಳು

ಪಾಟೀಲ ಚಾವಡಿಯ ಕಟ್ಟೆಯ ಮೇಲೆ ಕುಳಿತು ಕಾಗದ ಓದಿದ. ಕೇಶರಬಾಯಿ ಕೆಳಗೆ ನಿಂತು ಕೇಳಿದಳು. ಅವಳು ನಿಂತದ್ದು ಊರವರು ಚಪ್ಪಲಿ ಬಿಡುವ ಜಾಗದಲ್ಲಿ. ಕೇರಿಯವರು ಯಾರೇ ಬಂದರೂ ಅಲ್ಲೇ ನಿಲ್ಲಬೇಕು. ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಜಲ್ಲಿಕಲ್ಲಿನ ಖಡಿ ಒಡೆಯುತ್ತಿದ್ದವಳನ್ನು ಅರ್ಧಕ್ಕೇ ಎಬ್ಬಿಸಿ ಕರೆತಂದಿದ್ದರು. ಬೆರಳಿಗೆ ಸುತ್ತಿದ ಹರಕು ಅರಿವೆ ಬಿಚ್ಚುವಷ್ಟು ಪುರುಸೊತ್ತೂ ಕೊಟ್ಟಿರಲಿಲ್ಲ. ಅರಿವೆಯೊಳಗೆ ರಕ್ತ ಒಣಗಿ ಬೆರಳಿಗೆ ಅಂಟಿಕೊಂಡಿತ್ತು.

ಕಾಗದ ಬರೆದವನು ಪಟ್ಟಣದ ಡಾಕ್ಟರು. ಮೂರು ತಿಂಗಳ ಹಿಂದೆ ಕೇರಿಯವರ ರಕ್ತ ತೆಗೆದುಕೊಂಡು ಹೋಗಿದ್ದವನು. ಕೇರಿಯ ಐದು ಮನೆಗಳ ಗಂಡಸರ ರಕ್ತ ಇನ್ನೊಮ್ಮೆ ಬೇಕು, ಅವರಲ್ಲಿ ನಾಲ್ವರ ರಕ್ತ ಅವರವರ ಮಕ್ಕಳ ರಕ್ತದೊಂದಿಗೆ ತಾಳೆಯಾಗುತ್ತಿಲ್ಲ, ದಯವಿಟ್ಟು ಏರ್ಪಾಟು ಮಾಡಿಕೊಡಿ ಎಂದು ಪಾಟೀಲನಿಗೆ ಬರೆದಿದ್ದ. ತಾಳೆಯಾಗದ ನಾಲ್ಕು ಮನೆಗಳ ಹೆಸರೂ ಇದ್ದವು. ಪಾಟೀಲ ಗಟ್ಟಿಯಾಗಿ ಓದಿದ್ದು ಒಂದೇ ಹೆಸರು.

“ವೈಜಿನಾಥನ ಹೆಣ್ತಿ ಕೇಶರಬಾಯಿ. ನಿನ್ನ ಮಗಳು ನಿನ್ನ ಗಂಡಗ ಹುಟ್ಟಿಲ್ಲಂತ. ಡಾಕ್ಟರ್ ಬರದಾನ. ಯಾರಿಗಿ ಹುಟ್ಟ್ಯಾಳ, ನೀನೇ ಹೇಳು.”

ಕಟ್ಟೆಯ ಮೇಲಿದ್ದವರು ನಕ್ಕರು. ಒಬ್ಬ ನಕ್ಕನೆಂದು ಇನ್ನೊಬ್ಬ ನಕ್ಕ. ಏಳು ವರ್ಷದ ಸಖು ಅವ್ವನ ಸೀರೆಯ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ದೊಡ್ಡವರು ನಗುತ್ತಿದ್ದಾರೆಂದು ಅವಳೂ ನಕ್ಕಳು. ಕೇಶರಬಾಯಿ ಅರಿವೆ ಸುತ್ತಿದ ಕೈಯಿಂದ ಮಗಳ ಬಾಯಿ ಮುಚ್ಚಿದಳು.

ಉತ್ತರ ಅವಳ ಬಾಯಲ್ಲೇ ಇತ್ತು. ಅಂದು ಸೂಜಿ ಚುಚ್ಚಿಸಿಕೊಳ್ಳಲು ಸ್ಟೂಲಿನ ಮೇಲೆ ಕೂತವನು ನನ್ನ ಗಂಡನೇ ಅಲ್ಲ ಎಂದು ಒಂದು ಮಾತು ಹೇಳಿದ್ದರೆ ಆ ನಗೆ ಅಲ್ಲೇ ನಿಲ್ಲುತ್ತಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅನ್ನುವುದನ್ನು ಮೊದಲಿಂದ ಹೇಳಬೇಕು.

ಎಪ್ಪತ್ತೆರಡರ ಬರ. ಮಳೆ ಎರಡನೆಯ ವರ್ಷವೂ ಕೈಕೊಟ್ಟಿತ್ತು. ಕೂಲಿಯಿಲ್ಲದೆ ಕೇರಿಯ ಗಂಡಸರು ಒಬ್ಬೊಬ್ಬರಾಗಿ ಭಾಲ್ಕಿ ಸ್ಟೇಷನ್ನಿಗೆ ನಡೆದು ಹೋಗಿ ರೈಲು ಹತ್ತಿದರು. ಹೈದರಾಬಾದಿನಲ್ಲಿ ಯಾರ‍್ಯಾರದೋ ಬಂಗಲೆಗೆ ಮಣ್ಣು ಹೊರಲು ಹೋದರು. ವೈಜಿನಾಥನೂ ಹೋದ. ಉಳಿದವರು ಹೆಂಗಸರು, ಮಕ್ಕಳು, ಮುದುಕರು. ಸರ್ಕಾರ ಹಲಬರ್ಗಾದ ರಸ್ತೆಗೆ ಖಡಿ ಹಾಕುವ ಕೆಲಸ ತೆಗೆಯಿತು. ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಕರಿಕಲ್ಲಿನ ಮುಂದೆ ಕೂತು ಸುತ್ತಿಗೆ ಬೀಸಿದರು. ಚೂರು ಸಿಡಿದು ಕಣ್ಣಿಗೆ ಬೀಳುತ್ತಿತ್ತು. ಬೆರಳು ಜಜ್ಜುತ್ತಿತ್ತು. ತಿನ್ನಲು ಅಮೆರಿಕದ ಕೆಂಪು ಜೋಳ. ಅದರ ರೊಟ್ಟಿ ಬಡಿದರೆ ಬಿರಿಯುತ್ತಿತ್ತು, ತಿಂದರೆ ಹೊಟ್ಟೆ ನುಲಿಯುತ್ತಿತ್ತು. ಅದಾದರೂ ಸಿಕ್ಕರೆ ಸಾಕು ಎನ್ನುವ ಕಾಲ.

ಆಗ ಬಂತು ಡಾಕ್ಟರನ ಜೀಪು. ಖಡಿಯ ಗುಡ್ಡೆಯ ಪಕ್ಕದಲ್ಲೇ ಟೇಬಲ್ಲು ಹಾಕಿದರು, ಬರ್ಫದ ಪೆಟ್ಟಿಗೆ ಇಟ್ಟರು. ಡಾಕ್ಟರು ಮೈಸೂರು ಕಡೆಯವನು. ಅವನ ಕನ್ನಡ ಇವರಿಗೆ ತಿಳಿಯುತ್ತಿರಲಿಲ್ಲ, ಇವರದು ಅವನಿಗೆ. ನಡುವೆ ಮಾತಾಡಿದವನು ಭಾಲ್ಕಿಯ ಕಂಪೌಂಡರ್ ಸುಭಾನ. ಅವನೇ ಎಲ್ಲರಿಗೂ ಬಿಡಿಸಿ ಹೇಳಿದ. ರಕ್ತದ ತಿಳಿನೀರಿನಲ್ಲಿ ಒಂದು ಸಾರ ಇರುತ್ತದೆ. ಹ್ಯಾಪ್ಟೊಗ್ಲೋಬಿನ್ ಅಂತ ಅದರ ಹೆಸರು. ಹೆಸರು ಯಾರ ನಾಲಿಗೆಗೂ ಬಗ್ಗಲಿಲ್ಲ. ಅದಕ್ಕೆ ಸುಭಾನ ಕಾಳಿನ ಲೆಕ್ಕದಲ್ಲಿ ಹೇಳಿದ. ಪ್ರತಿಯೊಬ್ಬರ ರಕ್ತದಲ್ಲೂ ಎರಡು ಕಾಳು. ಕೆಲವರಿಗೆ ಎರಡೂ ಬಿಳಿ, ಕೆಲವರಿಗೆ ಎರಡೂ ಕೆಂಪು, ಕೆಲವರಿಗೆ ಒಂದು ಬಿಳಿ ಒಂದು ಕೆಂಪು. ಮಗು ಹುಟ್ಟುವಾಗ ತಾಯಿ ತನ್ನದೊಂದು ಕಾಳು ಕೊಡುತ್ತಾಳೆ, ತಂದೆ ತನ್ನದೊಂದು. ಯಾವ ಜಾತಿಯಲ್ಲಿ ಯಾವ ಕಾಳು ಎಷ್ಟಿದೆ ಅಂತ ಇವರು ಎಣಿಸುತ್ತಾರೆ. ಎಣಿಸಿ ಏನು ಮಾಡುತ್ತಾರೆ ಎಂದು ಕೇಶರಬಾಯಿ ಕೇಳಿದಳು. ಪುಸ್ತಕದಲ್ಲಿ ಬರೆಯುತ್ತಾರೆ ಎಂದ ಸುಭಾನ. ಅವನಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ರಕ್ತ ಕೊಟ್ಟ ಮನೆಗೆ ಐದು ಸೇರು ಬಿಳಿಜೋಳ, ಒಂದು ಡಬ್ಬಿ ಹಾಲಿನ ಪುಡಿ. ಹೆಂಗಸರು ಎದ್ದು ನಿಂತರು. ಆದರೆ ಒಂದು ಷರತ್ತು. ಪೂರ್ತಿ ಕುಟುಂಬ ಇರಬೇಕು. ತಂದೆ, ತಾಯಿ, ಮಗು. ತಂದೆ ಇಲ್ಲದಿದ್ದರೆ ಜೋಳ ಇಲ್ಲ.

ಕೇಳಿ ನಗುವುದೋ ಅಳುವುದೋ. ಹಸಿವಿಗೆ ಗಂಡಸರನ್ನು ಊರು ಬಿಡಿಸಿದವರೇ ಬಂದು ನಿಮ್ಮ ಗಂಡ ಎಲ್ಲಿ ಎಂದು ಕೇಳಿದರು. ಗಂಡ ಮನೆಯಲ್ಲಿದ್ದ ಮನೆಗಳು ಜೋಳ ತೆಗೆದುಕೊಂಡವು. ಉಳಿದವರು ನೋಡುತ್ತ ನಿಂತರು. ಮಾರನೆಯ ದಿನ, ಗಂಡ ದುಡಿಯಲು ಹೋಗಿದ್ದ ಶಾಲುಬಾಯಿ ನರಸಿಂಗನ ಕೈ ಹಿಡಿದುಕೊಂಡು ಬಂದಳು.

ನರಸಿಂಗನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಬಾವಿ ತೋಡುವಾಗ ಕಲ್ಲು ಬಿದ್ದು ಎಡಗಾಲು ಸೊಟ್ಟಗಾಗಿತ್ತು. ಅದಕ್ಕೇ ಅವನು ಗುಳೆ ಹೋಗಿರಲಿಲ್ಲ. ಕೇರಿಯವರಿಗೆಲ್ಲ ಅವನು ಕಾಕಾ. ಅವನು ಶಾಲುಬಾಯಿಯ ಗಂಡನೆಂದು ಹೆಸರು ಬರೆಸಿ ತೋಳು ಚಾಚಿದ. ಡಾಕ್ಟರು ಮುಖ ನೋಡಲಿಲ್ಲ. ಮೊಣಕೈಯ ಒಳಗಿನ ನರ ನೋಡಿದ, ಚುಚ್ಚಿದ, ಶೀಶೆಗೆ ನಂಬರು ಅಂಟಿಸಿದ. ಶಾಲುಬಾಯಿ ಐದು ಸೇರು ಜೋಳ ಸೆರಗಿನಲ್ಲಿ ಕಟ್ಟಿಕೊಂಡಳು. ಮಧ್ಯಾಹ್ನ ಅದೇ ನರಸಿಂಗ ಇನ್ನೊಂದು ಮನೆಯ ಗಂಡನಾದ. ಮಾರನೆಯ ದಿನ ಮತ್ತೆರಡು ಮನೆ. ಮೂರನೆಯ ದಿನ ಕೇಶರಬಾಯಿಯ ಸರದಿ. ಆಗ ಅವನಿಗೆ ತಲೆ ಸುತ್ತಿ ಕಣ್ಣು ಕತ್ತಲೆ ಬರುತ್ತಿತ್ತು. ಬೇಡ ಬಿಡು ಕಾಕಾ ಅಂದಳು. ನಾಲ್ಕು ಮನೆಗೆ ಕೊಟ್ಟವನು ನಿನಗೆ ಇಲ್ಲ ಅಂದರೆ ಹೇಗೆ ಎಂದು ಅವನೇ ಮುಂದೆ ನಡೆದ. ಸುಭಾನ ಅವನ ತೋಳಿನಲ್ಲಿ ನಾಲ್ಕು ಸೂಜಿಯ ಗಾಯ ಕಂಡ. ಒಂದು ಗಳಿಗೆ ಮುಖ ನೋಡಿದ. ಬಲಗೈ ಬಿಟ್ಟು ಎಡಗೈಗೆ ರಬ್ಬರು ಕಟ್ಟಿದ. ಕೇಶರಬಾಯಿ ತನ್ನ ತೋಳು ಕೊಟ್ಟಳು. ಸಖು ಅಳುತ್ತ ಕೊಟ್ಟಳು.

ಅವತ್ತು ಐದು ಮನೆಯಲ್ಲಿ ಬಿಳಿಜೋಳದ ರೊಟ್ಟಿ ಆಯಿತು. ಐದು ಮನೆಯವರೂ ಒಂದೊಂದು ರೊಟ್ಟಿ ನರಸಿಂಗನಿಗೆ ಕೊಟ್ಟರು. ಐದು ಹೆಂಡಿರ ಗಂಡ ಎಂದು ಕಾಡಿಸಿ ನಕ್ಕರು. ಮತ್ತೆ ಗಂಭೀರವಾಗಿ ಒಂದು ಮಾತಿಗೆ ಬಂದರು. ಯಾರಿಗೆ ಏನೇ ಆಗಲಿ, ಈ ವಿಷಯ ಹೊರಗೆ ಹೋಗಬಾರದು. ಹೋದರೆ ಸರ್ಕಾರಕ್ಕೆ ಮೋಸ ಮಾಡಿದರು ಅಂತ ಕೆಲಸದ ಹಾಜರಿ ಮಸ್ಟರಿನಿಂದ ಐದೂ ಮನೆಯ ಹೆಸರು ಹೊಡೆಯುತ್ತಾರೆ, ಕುಂಟ ನರಸಿಂಗನನ್ನು ಠಾಣೆಗೆ ಎಳೆಯುತ್ತಾರೆ. ಚಾವಡಿಯ ಕೆಳಗೆ ಕೇಶರಬಾಯಿ ನುಂಗಿದ ಮಾತು ಇದೇ.

ಪಾಟೀಲ ಅವಳ ಹೆಸರನ್ನೇ ಓದಿದ್ದಕ್ಕೂ ಕಾರಣ ಇತ್ತು. ಸಂಕ್ರಾಂತಿ ಕಳೆದ ಮೇಲೆ ಕೇರಿಯ ಬಾವಿಯಲ್ಲಿ ಕೆಸರು ಬಂತು. ಪಾಟೀಲನ ಹೊಲದ ಬಾವಿಯಲ್ಲಿ ಮೊಳಕಾಲುದ್ದ ನೀರಿತ್ತು. ಕೇರಿಯ ಹೆಂಗಸರು ದೂರ ಕೂತು, ಊರವರು ಸೇದಿ ಹೊಯ್ಯಲಿ ಅಂತ ಕಾಯುತ್ತಿದ್ದರು. ಒಂದು ದಿನ ಕೇಶರಬಾಯಿ ಮಧ್ಯಾಹ್ನದವರೆಗೆ ಕಾದಳು. ಆಮೇಲೆ ಎದ್ದು ಹೋಗಿ ತಾನೇ ಹಗ್ಗ ಇಳಿಬಿಟ್ಟಳು. ಪಾಟೀಲನ ಆಳುಗಳು ಕೊಡ ಒಡೆದರು. ಅವಳು ಮಾರನೆಯ ದಿನ ತಗಡಿನ ಡಬ್ಬಿ ತಂದಳು. ಅವಳ ಹಿಂದೆ ಹತ್ತು ಹೆಂಗಸರು ಬಂದರು. ಅವತ್ತಿನಿಂದ ಪಾಟೀಲ ಅವಳ ಮೇಲೆ ಹಲ್ಲು ಮಸೆಯುತ್ತಿದ್ದ. ಈಗ ಕಾಗದ ಸಿಕ್ಕಿತು.

ಹಾದರಗಿತ್ತಿಯ ಸಾಲಿನಲ್ಲಿ ಮಾನವಂತರ ಹೆಂಗಸರು ಕೂರುವುದಿಲ್ಲ ಎಂದು ಪಾಟೀಲ ತೀರ್ಪು ಹೇಳಿದ. ಕೂಲಿಗಳ ಮೇಸ್ತ್ರಿಯಾಗಿದ್ದ ಮುಕಾದಮ ಮಸ್ಟರು ತೆರೆದು ಅವಳ ಹೆಸರಿನ ಮೇಲೆ ಗೆರೆ ಎಳೆದ. ಮಾನವಂತರ ಹೆಂಗಸರು ಅಂತೆ. ಖಡಿ ಒಡೆಯಲು ಪಾಟೀಲನ ಮನೆಯಿಂದ ಯಾವ ಹೆಂಗಸು ಬರುತ್ತಿದ್ದಳು?

ಕೆಲಸ ಹೋದದ್ದಕ್ಕಿಂತ ಹೆಚ್ಚು ಅವಳಿಗೆ ಉರಿದದ್ದು ಅತ್ತೆಯ ಮೇಲೆ. ಅತ್ತೆ ಜಿಜಾಬಾಯಿಗೆ ಎಲ್ಲ ಗೊತ್ತಿತ್ತು. ನರಸಿಂಗ ಕೂತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು, ಆ ಜೋಳದ ರೊಟ್ಟಿ ತಿಂದಿದ್ದಳು, ಹಾಲಿನ ಪುಡಿಯನ್ನು ತಾನೇ ಕಲಸಿ ಸಖುವಿಗೆ ಕುಡಿಸಿದ್ದಳು. ಆದರೂ ಚಾವಡಿಯಲ್ಲಿ ಬಾಯಿ ಬಿಡಲಿಲ್ಲ. ಮೂವತ್ತೈದು ವರ್ಷದಿಂದ ಪಾಟೀಲನ ವಾಡೆಯಲ್ಲಿ ಸಗಣಿ ಬಳಿದವಳು. ಅಲ್ಲಿಂದ ಅಪ್ಪಣೆ ಬಂತು. ಸೊಸೆಯನ್ನು ಮನೆಯಲ್ಲಿ ಇಟ್ಟುಕೊಂಡರೆ ವಾಡೆಯ ಹೊಸ್ತಿಲು ಮರೆತುಬಿಡು. ಜಿಜಾಬಾಯಿ ಮನೆಗೆ ಬಂದು ಕೇಶರಬಾಯಿಯ ಕೌದಿ, ತಾಟು, ಸಖುವಿನ ಲಂಗ ಎತ್ತಿ ಅಂಗಳಕ್ಕೆ ಎಸೆದಳು. ಎಸೆಯುವಾಗ ಸೊಸೆಯ ಮುಖ ನೋಡಲಿಲ್ಲ.

ಕೇಶರಬಾಯಿ ಅಳಲಿಲ್ಲ. ಹೊಟ್ಟೆಯೊಳಗೆ ಅಷ್ಟು ಕೋಪ ಇದ್ದಾಗ ಅಳು ಎಲ್ಲಿ ಬರುತ್ತದೆ. ಹೋಗಲು ತವರೂ ಇರಲಿಲ್ಲ. ತವರು ಔರಾದದ ಆಚೆ. ಅಣ್ಣಂದಿರು ಮನೆಯ ಬಾಗಿಲಿಗೆ ಮುಳ್ಳು ಬಡಿದು ದುಡಿಯಲು ಹೋಗಿದ್ದರು, ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಕೇರಿಯ ಕೊನೆಗೆ ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ಬುದ್ಧವಿಹಾರ ಇತ್ತು. ಮಗಳನ್ನು ಕರೆದುಕೊಂಡು ಅಲ್ಲಿ ಕೂತಳು. ಶಾಲುಬಾಯಿ ಅರ್ಧ ರೊಟ್ಟಿ ತಂದು ಕೊಡುತ್ತಿದ್ದಳು. ನೀರಿಗೆ ಹೋದರೆ ಊರ ಹುಡುಗಿಯರು ಸಖುವಿನ ಅಪ್ಪ ಯಾರು ಎಂದು ಹಾಡು ಕಟ್ಟಿ ಹಾಡುತ್ತಿದ್ದರು. ಸಖು ನಾಲ್ಕನೆಯ ದಿನ ಕೇಳಿದಳು, ಅವ್ವಾ, ನಮ್ಮಪ್ಪ ಯಾರು. ಕೇಶರಬಾಯಿ ಮಗಳ ಕೆನ್ನೆಗೆ ಹೊಡೆದಳು. ಹೊಡೆದು ಆ ಕೆನ್ನೆಯನ್ನು ತಾನೇ ಸವರಿದಳು.

ನರಸಿಂಗ ಬಂದು ಕೈ ಮುಗಿದ. ತಾನೇ ಚಾವಡಿಗೆ ಹೋಗಿ ಹೇಳಿಬಿಡುತ್ತೇನೆ, ಒಯ್ದರೆ ಒಯ್ಯಲಿ ಎಂದ. ಅವಳು ಬಿಡಲಿಲ್ಲ. ನಾಲ್ಕು ಮನೆಯ ಒಲೆ ಆರಿಸಿ ತನ್ನ ಮಾನ ಉಳಿಸಿಕೊಳ್ಳುವ ಮನಸ್ಸು ಅವಳಿಗಿರಲಿಲ್ಲ. ಮೊದಲು ಗಂಡ ಬರಲಿ ಅಂದಳು. ಅವನೊಬ್ಬ ನಂಬಿದರೆ ಊರನ್ನು ಎದುರಿಸಬಹುದು ಎಂದು ಲೆಕ್ಕ ಹಾಕಿದ್ದಳು.

ವೈಜಿನಾಥ ಹದಿನೈದು ದಿನಕ್ಕೆ ಬಂದ. ಹೈದರಾಬಾದಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಹೊತ್ತು ನಡುನೆತ್ತಿಯ ಕೂದಲು ಉದುರಿತ್ತು. ವಿಹಾರದ ಕಂಬಕ್ಕೆ ಒರಗಿ ನಿಂತು ಅವಳು ಹೇಳಿದ್ದನ್ನೆಲ್ಲ ಕೇಳಿದ. ನರಸಿಂಗ ಹೇಳಿದ. ಶಾಲುಬಾಯಿ ತನ್ನ ಮಗನ ತಲೆ ಮುಟ್ಟಿ ಆಣೆ ಮಾಡಿ ಹೇಳಿದಳು. ಅವನು ಸಖುವನ್ನು ಎತ್ತಿಕೊಂಡ. ನಂಬುತ್ತೇನೆ ಎಂದ. ಕೇಶರಬಾಯಿಯ ಎದೆ ಹಗುರಾಯಿತು. ಆದರೆ ಅವನ ಮಾತು ಅಲ್ಲಿಗೆ ಮುಗಿಯಲಿಲ್ಲ.

“ನಾ ನಂಬ್ತೇನಿ. ಮಂದಿ ನಂಬಬೇಕಲ್ಲ. ಡಾಕ್ಟರ್ ಬರ್ಲಿ. ನಾ ಖುದ್ ರಕ್ತ ಕೊಡ್ತೇನಿ. ಕಾಗದ ತಂದು ಅವರ ಮಾರಿಗಿ ಒಗಿತೇನಿ.”

“ನಂಬ್ತೇನಿ ಅಂದವಗ ಸೂಜಿ ಯಾಕ ಬೇಕು?”

ಅವನು, ಗಂಡಸಿನ ಸಂಕಟ ನಿನಗೆ ತಿಳಿಯುವುದಿಲ್ಲ ಎಂದ. ಅವಳಿಗೆ ಚೆನ್ನಾಗಿ ತಿಳಿಯಿತು. ಎಂಟು ವರ್ಷ ಜೊತೆಗೆ ಬಾಳಿದವಳ ಮಾತಿಗಿಂತ ಒಂದು ಶೀಶೆಯ ಮಾತು ಇವನಿಗೆ ಹೆಚ್ಚು. ಅವತ್ತೇ ನಾಲ್ಕು ಹೆಂಗಸರನ್ನೂ ವಿಹಾರಕ್ಕೆ ಕರೆಸಿ ಕೇಳಿದಳು. ಡಾಕ್ಟರು ಬರುತ್ತಾನೆ, ಬಂದರೆ ಗುಟ್ಟು ಹೇಗಿದ್ದರೂ ಹೊರಬೀಳುತ್ತದೆ, ಬೇರೆಯವರು ಹೇಳುವ ಮೊದಲು ನಾವೇ ಹೇಳೋಣವೇ. ಶಾಲುಬಾಯಿ, ಹೇಳವ್ವ, ಹಸಿದಿದ್ದೆವು ಅಂತ ಹೇಳು, ಕದ್ದಿದ್ದೆವು ಅಂತ ಹೇಳಬೇಡ ಎಂದಳು. ಉಳಿದ ಮೂವರೂ ಹೂಂ ಅಂದರು.

ಡಾಕ್ಟರು ಬಂದ. ಈ ಸಲ ಜೀಪು ಚಾವಡಿಯ ಮುಂದೆಯೇ ನಿಂತಿತು. ಟೇಬಲ್ಲನ್ನು ಕಟ್ಟೆಯ ಮೇಲೆ ಹಾಕಲು ಪಾಟೀಲ ಬಿಡಲಿಲ್ಲ. ಕೆಳಗೆ ಬೇವಿನ ಮರದ ಬುಡದಲ್ಲಿ ಹಾಕಿಸಿದ. ತಾನು ಕಟ್ಟೆಯ ಮೇಲೆ ತಕ್ಕೆದಿಂಬಿಗೆ ಒರಗಿ ಕೂತ. ಮುಕಾದಮ ಮಸ್ಟರಿನ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತ. ಊರು ಸೇರಿತು, ಕೇರಿಯೂ ಸೇರಿತು. ಜಿಜಾಬಾಯಿ ವಾಡೆಯ ಗೋಡೆಗೆ ಆತು ದೂರದಲ್ಲಿ ನಿಂತಿದ್ದಳು.

ಡಾಕ್ಟರು ಕೆಟ್ಟವನಲ್ಲ. ಅವನಿಗೆ ಹಾದರದ ಚಿಂತೆ ಇರಲಿಲ್ಲ. ಅವನ ತಲೆ ತುಂಬ ಆ ಐದು ಗಂಡಸರು. ಎರಡೂ ಬಿಳಿ ಕಾಳಿನ ರಕ್ತ ಈ ಸೀಮೆಯಲ್ಲಿ ಬಲು ಅಪರೂಪವಂತೆ. ನೂರರಲ್ಲಿ ಮೂರು ಮಂದಿಗೆ ಸಿಕ್ಕರೆ ಹೆಚ್ಚು. ಈ ಒಂದು ಕೇರಿಯಲ್ಲೇ ಐವರಿಗೆ ಇದೆ, ಆದರೆ ಅವರಲ್ಲಿ ನಾಲ್ವರ ಮಕ್ಕಳಿಗೆ ಎರಡೂ ಕೆಂಪು ಕಾಳು. ಈ ಜಾತಿಯ ಮೂಲದಲ್ಲೇ ಏನೋ ವಿಶೇಷ ಇರಬೇಕು ಎಂದು ಅವನು ಆಗಲೇ ದೊಡ್ಡ ಲೇಖನ ಬರೆದಿಟ್ಟಿದ್ದ. ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಂಡರೆ ಮುಗಿಯಿತು. ಅವನು ತಾನು ಬರೆದ ಕಾಗದದಿಂದ ಒಬ್ಬ ಹೆಂಗಸು ಬೀದಿಗೆ ಬಿದ್ದಿದ್ದಾಳೆ ಎಂದು ಯೋಚನೆಯನ್ನೂ ಮಾಡಿರಲಿಲ್ಲ. ಮುಖ ನೋಡದೆ ರಕ್ತ ತೆಗೆದವನಿಗೆ ಯಾರು ಬಿದ್ದರು ಯಾರು ಎದ್ದರು ಎಂದು ಹೇಗೆ ಗೊತ್ತಾಗಬೇಕು.

ಐವರಲ್ಲಿ ಊರಲ್ಲಿದ್ದವನು ವೈಜಿನಾಥ ಒಬ್ಬನೇ. ಅವನು ಸ್ಟೂಲಿನ ಮೇಲೆ ಕೂತು ಅಂಗಿಯ ತೋಳು ಮೇಲಕ್ಕೆ ಏರಿಸಿದ. ಸುಭಾನ ರಬ್ಬರು ಕಟ್ಟಿದ. ಡಾಕ್ಟರು ಸೂಜಿ ಎತ್ತಿದ. ಕೇಶರಬಾಯಿ ಮಂದಿಯನ್ನು ಸರಿಸಿಕೊಂಡು ಬಂದು ಗಂಡನ ತೋಳಿನ ರಬ್ಬರನ್ನು ಎಳೆದು ಬಿಚ್ಚಿದಳು.

“ಆಗ ಕೂತಾಂವ ಇಂವ ಅಲ್ರಿ. ಆ ಕುಂಟ ಕಾಕಾ ಕೂತಿದ್ದ. ನನಗೂ ಅಂವನೇ, ಉಳದ ನಾಕು ಮನಿಗೂ ಅಂವನೇ. ಗಂಡ ಇಲ್ದ ಜ್ವಾಳ ಇಲ್ಲ ಅಂದ್ರಿ. ಮಕ್ಕಳು ಹಸದಿದ್ವು. ಕೂಡ್ಸಿದಿವಿ.”

ಡಾಕ್ಟರು ಸುಭಾನನ ಕಡೆ ತಿರುಗಿದ. ಸುಭಾನ ಅವಳ ಮಾತು ಬಿಡಿಸಿ ಹೇಳಿ, ತಲೆ ಎತ್ತಿಯೇ ಸೇರಿಸಿದ, ಗೊತ್ತಿತ್ತು ಸಾಬ್, ನಾನೇ ಎಡಗೈಗೆ ಕಟ್ಟಿದ್ದೆ. ನರಸಿಂಗ ಕುಂಟುತ್ತ ಮುಂದೆ ಬಂದು ಎರಡೂ ತೋಳು ತೋರಿಸಿದ. ಡಾಕ್ಟರನ ಮುಖ ನೋಡಬೇಕಿತ್ತು. ಒಂದು ಜಾತಿಯ ಮೂಲವನ್ನೇ ಶೋಧಿಸಿದೆ ಅಂದುಕೊಂಡಿದ್ದ. ಒಬ್ಬ ಕುಂಟನ ರಕ್ತವನ್ನು ಐದು ಸಲ ಎಣಿಸಿದ್ದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ನಾಲ್ಕು ಮನೆಯಲ್ಲಿ ತಾಳೆ ಆಗದಿದ್ದುದಕ್ಕೆ ಇದೇ ಕಾರಣ, ಈ ಹೆಂಗಸರದು ಏನೂ ತಪ್ಪಿಲ್ಲ ಎಂದು ಪಾಟೀಲನಿಗೆ ಹೇಳಿದ. ಹೇಳಿದ್ದು ಸಣ್ಣ ದನಿಯಲ್ಲಿ.

ಪಾಟೀಲ ಸೋಲುವವರ ಪೈಕಿ ಅಲ್ಲ. ಸರ್ಕಾರಕ್ಕೆ ಮೋಸ ಮಾಡಿದ್ದಾರೆ, ಐದೂ ಮನೆಯ ಹೆಸರು ಹೊಡಿ ಎಂದು ಮುಕಾದಮನಿಗೆ ಹೇಳಿದ. ಮುಕಾದಮ ಪೆನ್ಸಿಲ್ಲು ತೆಗೆದು ಉಳಿದ ನಾಲ್ಕು ಹೆಸರಿನ ಮೇಲೂ ಗೆರೆ ಎಳೆದ. ಪಾಟೀಲ ಅಷ್ಟಕ್ಕೂ ಬಿಡಲಿಲ್ಲ. ಕುಂಟನ ಮಾತು ಹಾಗಿರಲಿ, ಈಗ ಖರೆ ಗಂಡ ಬಂದು ಕೂತಿದ್ದಾನಲ್ಲ, ಅವನದೂ ಹುಡುಗಿಯದೂ ತೆಗೆದು ನೋಡಿ, ಹುಡುಗಿ ಯಾರಿಗೆ ಹುಟ್ಟಿದೆ ಅಂತ ಊರಿಗೆ ಗೊತ್ತಾಗಲಿ ಎಂದ. ವೈಜಿನಾಥ ಬಿಚ್ಚಿದ ರಬ್ಬರನ್ನು ತಾನೇ ಎತ್ತಿ ಸುಭಾನನ ಕೈಗೆ ಕೊಟ್ಟ. ತೆಗೆಯಿರಿ ಎಂದ. ಸಖುವನ್ನು ಕೈಮಾಡಿ ಕರೆದ.

ಕೇಶರಬಾಯಿ ಮಗಳನ್ನು ತನ್ನ ಬೆನ್ನ ಹಿಂದೆ ಎಳೆದುಕೊಂಡಳು. ಮೂರು ವಾರದ ಕೋಪ ಒಮ್ಮೆಲೇ ಬಾಯಿಗೆ ಬಂತು.

“ಇಕಿ ತೋಳಿಗಿ ಯಾರೂ ಮುಟ್ಟಂಗಿಲ್ಲ. ನನ್ನ ಮಗಳು ಯಾರ ಮಗಳಂತ ನಿಮಗ ತೋರಿಸೂದು ನನಗ ಜರೂರ್ ಇಲ್ಲ. ರಕ್ತ ನೋಡೂದೇ ಅದ ಅಂದ್ರ ಕಟ್ಟಿ ಮ್ಯಾಲಿಂದ ಸುರು ಮಾಡ್ರಿ. ಮೊದಲ ಪಾಟೀಲ್ರದು ತಗೀರಿ. ಆಮ್ಯಾಲ ನಮ್ಮ ಕೇರಿ ಮಕ್ಕಳದೆಲ್ಲ ತಗೀರಿ. ಸಣ್ಣಾವರದೂ ತಗೀರಿ, ದೊಡ್ಡಾವರದೂ ತಗೀರಿ. ಯಾವುದು ಯಾವುದಕ್ಕ ಕೂಡ್ತದ, ಇಲ್ಲೇ ನಿಂತು ಓದ್ರಿ.”

ಊರವರು ಕಾಲ ಬೆರಳು ನೋಡಿಕೊಂಡರು. ಕೇರಿಯ ಹೆಂಗಸರು ನೆಲ ನೋಡಲಿಲ್ಲ, ಕಟ್ಟೆ ನೋಡಿದರು. ವಾಡೆಯಲ್ಲಿ ಕಸ ಹೊಡೆದವರು, ಕಣದಲ್ಲಿ ಜೋಳ ತೂರಿದವರು, ಹತ್ತಿ ಬಿಡಿಸಲು ಹೋಗಿ ಕತ್ತಲಾಗುವವರೆಗೆ ಹಿಂದೆ ಉಳಿಯಬೇಕಾದವರು, ಎಲ್ಲರೂ ಅಲ್ಲೇ ಇದ್ದರು. ಅವರಲ್ಲಿ ಯಾರೂ ಈವರೆಗೆ ಬಾಯಿ ಬಿಟ್ಟಿರಲಿಲ್ಲ.

ಏನೂ ತಿಳಿಯದವನು ಡಾಕ್ಟರು ಒಬ್ಬನೇ. ಸುಭಾನ ಬಿಡಿಸಿ ಹೇಳಿದ ಹೆಂಗಸಿನ ಮಾತು ಅವನಿಗೆ ಒಳ್ಳೆಯ ಸಲಹೆಯಾಗಿ ಕಂಡಿತು. ಮೇಲಿನ ಮನೆಗಳ ರಕ್ತವೂ ಸಿಕ್ಕರೆ ಹೋಲಿಸಿ ನೋಡಲು ಅನುಕೂಲ. ಹೊಸ ಶೀಶೆ ಹಿಡಿದುಕೊಂಡು ಕಟ್ಟೆಯ ಹತ್ತಿರ ಹೋದ.

“ಯಜಮಾನ್ರೇ, ನೀವೂ ಕೊಟ್ರೆ ತುಂಬಾ ಉಪಕಾರ ಆಗತ್ತೆ. ಒಂದು ನಿಮಿಷದ ಕೆಲಸ. ತೋಳು ಸ್ವಲ್ಪ ಮೇಲೆ ಮಾಡ್ಕೊಳ್ಳಿ.”

ಪಾಟೀಲನ ಮುಖ ಕಪ್ಪಿಟ್ಟಿತು. “ನಮ್ಮ ರಕ್ತ ಹೊಲ್ಯಾರ ಶೀಶೆದ ಬಾಜೂಕ ಇಡ್ತೀ? ತಲಿ ನೆಟ್ಟಗ ಅದ ಇಲ್ಲ ನಿಂದು?”

ಆಗ ಜಿಜಾಬಾಯಿ ವಾಡೆಯ ಗೋಡೆ ಬಿಟ್ಟಳು. ನಡೆದು ಬಂದಳು. ಅವಳು ಚಪ್ಪಲಿಯ ಜಾಗದಲ್ಲಿ ನಿಲ್ಲುತ್ತಾಳೆ ಅಂದುಕೊಂಡರು. ನಿಲ್ಲಲಿಲ್ಲ. ಟೇಬಲ್ಲಿನವರೆಗೆ ಬಂದು ಸ್ಟೂಲಿನ ಮೇಲಿದ್ದ ಮಗನ ಮಣಿಕಟ್ಟು ಹಿಡಿದಳು. ವೈಜಿನಾಥನ ತೋಳನ್ನು ಎತ್ತಿ ಕಟ್ಟೆಯ ಕಡೆ ಚಾಚಿದಳು.

“ಡಾಕ್ಟರ್ ಸಾಬ್, ಇವನ ರಕ್ತ ತಗೀರಿ. ಪಾಟೀಲ್ರದೂ ತಗೀರಿ. ಎರಡೂ ಜೋಡಿಲೇ ಇಟ್ಟು ನೋಡ್ರಿ.”

ಕೇಶರಬಾಯಿ ಅತ್ತೆಯ ಮುಖ ನೋಡಿದಳು. ಕೌದಿ ಎಸೆಯುವಾಗ ತನ್ನ ಕಣ್ಣು ತಪ್ಪಿಸಿದ ಹೆಂಗಸು ಈಗ ಪಾಟೀಲನ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ಮೂವತ್ತೈದು ವರ್ಷದ ಸಗಣಿ, ಮೂವತ್ತು ವರ್ಷದ ಮುಚ್ಚಿದ ಬಾಯಿ ಯಾಕೆ ಎಂದು ಕೇಶರಬಾಯಿಗೆ ಅರ್ಥವಾಯಿತು. ಅರ್ಥವಾದದ್ದಕ್ಕೆ ಕೋಪ ಕಡಿಮೆಯಾಗಲಿಲ್ಲ. ಅತ್ತೆಯ ಪಾಲಿನ ಕೋಪವೂ ಅದಕ್ಕೆ ಕೂಡಿತು. ಅವಳು ಕಟ್ಟೆಗೆ ಇನ್ನೊಂದು ಹೆಜ್ಜೆ ಹತ್ತಿರ ಹೋದಳು.

“ಬಾಜೂಕ ಇಡೂದಕ್ಕ ಅಂಜಿಲ್ಲ ಇವರು,” ಎಂದು ಡಾಕ್ಟರನಿಗೆ ಹೇಳಿದಳು. “ಕೂಡ್ತದಂತ ಅಂಜ್ಯಾರ.”

ಪಾಟೀಲ ಎದ್ದ. ಮುದುಕಿಗೆ ತಲೆ ಕೆಟ್ಟಿದೆ ಎಂದ. ಕಟ್ಟೆಯ ಮೇಲಿನವರು ಹೌದು ಅನ್ನಲಿ ಅಂತ ಒಂದು ಗಳಿಗೆ ಕಾದ. ಯಾರೂ ಅನ್ನಲಿಲ್ಲ. ಧೋತರದ ಚುಂಗು ಹಿಡಿದುಕೊಂಡು ವಾಡೆಯ ಒಳಗೆ ಹೋದ. ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ಡಾಕ್ಟರನಿಗೆ ಈಗ ಎಲ್ಲ ತಿಳಿಯಿತು. ಖಾಲಿ ಶೀಶೆಯನ್ನು ಪೆಟ್ಟಿಗೆಯಲ್ಲಿ ಇಟ್ಟ.

ವೈಜಿನಾಥ ಸ್ಟೂಲಿನಿಂದ ಎದ್ದಿರಲಿಲ್ಲ. ತನ್ನ ತೋಳನ್ನೇ ನೋಡುತ್ತಿದ್ದ. ಅದು ಬೇರೆ ಯಾರದೋ ತೋಳು ಅನ್ನುವ ಹಾಗೆ ನೋಡುತ್ತಿದ್ದ.

“ಅವ್ವಾ, ನಾ ಯಾರ ಮಗ?”

ಜಿಜಾಬಾಯಿ ಅವನ ಮಣಿಕಟ್ಟು ಬಿಟ್ಟಳು.

“ನನ್ನ ಮಗ. ಮೂವತ್ತು ವರ್ಷ ಅಷ್ಟೇ ಸಾಕಾಗಿತ್ತು ನಿನಗ. ಅಕಿ ಮಗಳಿಗಿ ಯಾಕ ಸಾಲವಲ್ದು?”

ಅವನು ತಲೆ ತಗ್ಗಿಸಿದ. ಏರಿಸಿದ್ದ ಅಂಗಿಯ ತೋಳನ್ನು ಕೆಳಗೆ ಇಳಿಸಿಕೊಂಡ. ಸಖುವನ್ನು ಕರೆಯಲು ಕೈ ಮಾಡಿದ. ಕೇಶರಬಾಯಿ ಮಗಳನ್ನು ಬಿಡಲಿಲ್ಲ. ಅಷ್ಟು ಸುಲಭಕ್ಕೆ ಬಿಡುವ ಮನಸ್ಸು ಅವಳಿಗಿರಲಿಲ್ಲ. ಅವನು ಕಾಯಲಿ ಅಂದುಕೊಂಡಳು.

ಅವಳು ಕಟ್ಟೆಯ ಮೆಟ್ಟಿಲು ಹತ್ತಿ ಮುಕಾದಮನ ಮುಂದೆ ನಿಂತಳು. ಹಿಂದೆಯೇ ಶಾಲುಬಾಯಿ ಹತ್ತಿದಳು, ಉಳಿದ ಮೂವರು ಹತ್ತಿದರು. ಕೇರಿಯ ಹೆಂಗಸರು ಆ ಮೆಟ್ಟಿಲು ತುಳಿದದ್ದು ಅದೇ ಮೊದಲು. ಮಸ್ಟರು ಇನ್ನೂ ತೆರೆದೇ ಇತ್ತು.

“ಐದೂ ಹೆಸರು ಬರಿ,” ಎಂದಳು.

ಮುಕಾದಮ ವಾಡೆಯ ಬಾಗಿಲ ಕಡೆ ನೋಡಿದ. ಅದು ತೆರೆಯಲಿಲ್ಲ. ಪೆನ್ಸಿಲ್ಲಿನ ಮೊನೆ ನಾಲಿಗೆಗೆ ಹಚ್ಚಿಕೊಂಡು ಬರೆದ.